ಬತ್ತಿತೋ, ಬತ್ತಿಸಿದೆವೋ?

ಸುಡುವುದಕ್ಕೆ, ಒಣಗುವುದಕ್ಕೆ ಇಂಗ್ಲಿಷಿನಲ್ಲಿ ಪದಗಳ ದೊಡ್ಡ ಸಾಲೇ ಇದೆ. ಅಂಚಷ್ಟೇ ಸುಟ್ಟರೆ ಸಿಂಜ್, ಮೇಲ್ಮೈ ಕಂದಿದರೆ ಸ್ಕಾರ್ಚ್, ಇದ್ದಿಲಾದರೆ ಚಾರ್, ತೇವ ಆರಿದರೆ ಪಾರ್ಚ್, ಗಿಡ ಬಾಡಿದರೆ ವಿದರ್. ಕನ್ನಡವೂ ಬಡವಲ್ಲ. ಅನ್ನ ಸೀಯುತ್ತದೆ, ಮೊಗ್ಗು ಕಮರುತ್ತದೆ, ಬಟ್ಟೆ ಒಣಗುತ್ತದೆ, ಬಾವಿ ಬತ್ತುತ್ತದೆ.

ಆದರೆ ಒಂದು ವ್ಯತ್ಯಾಸವಿದೆ. ಇಂಗ್ಲಿಷಿನ ಈ ಕ್ರಿಯಾಪದಗಳು ಸಾಮಾನ್ಯವಾಗಿ ತಾನಾಗಿ ಆದದ್ದಕ್ಕೂ ಯಾರೋ ಮಾಡಿದ್ದಕ್ಕೂ ಅದೇ ರೂಪದಲ್ಲಿ ಸಲ್ಲುತ್ತವೆ. ಕನ್ನಡದಲ್ಲಿ 'ಸುಡು' ಎಂಬುದು ಹಾಗೆ ಎರಡೂ ಕಡೆ ನಡೆದೀತು. ಉಳಿದ ಕಡೆ ಆಯ್ಕೆ ಅನಿವಾರ್ಯ: ಒಣಗಿತು–ಒಣಗಿಸಿದರು, ಉರಿಯಿತು–ಉರಿಸಿದರು, ಬತ್ತಿತು–ಬತ್ತಿಸಿದರು. 'ಅನ್ನ ಸೀದುಹೋಯ್ತು' ಎನ್ನುವುದಕ್ಕೂ 'ಅನ್ನ ಸೀಸಿಬಿಟ್ಟೆ' ಎನ್ನುವುದಕ್ಕೂ ನಡುವೆ ಇರುವುದು ಒಂದು ಪ್ರತ್ಯಯ ಮಾತ್ರವಲ್ಲ, ಒಬ್ಬ ಮನುಷ್ಯ.

2024ರ ಬೇಸಿಗೆಯನ್ನು ನೆನೆಯಿರಿ. ಏಪ್ರಿಲ್ 28ರಂದು ಬೆಂಗಳೂರಿನ ಉಷ್ಣಾಂಶ 38.5 ಡಿಗ್ರಿ ಮುಟ್ಟಿತು. ನಗರದ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಕೆಲಸ ನಿಲ್ಲಿಸಿವೆ ಎಂದು ಅದಕ್ಕೂ ಮೊದಲೇ ಸರ್ಕಾರ ಹೇಳಿತ್ತು. ಜೆ.ಪಿ. ನಗರದಿಂದ ಬಿಟಿಎಂ ಬಡಾವಣೆಯವರೆಗೆ ಬಾಯಿಗೆ ಬಂದ ಮಾತು ಒಂದೇ: 'ಬೋರ್ ಬತ್ತಿಹೋಯ್ತು.' ವ್ಯಾಕರಣದ ಪ್ರಕಾರ ಇದರಲ್ಲಿ ತಪ್ಪಿಲ್ಲ. ಆದರೆ ಈ ವಾಕ್ಯದಲ್ಲಿ ಮೋಟರಿಲ್ಲ, ಅಂಗಳಕ್ಕೆ ಹಾಸಿದ ಕಾಂಕ್ರೀಟಿಲ್ಲ, ಮುಚ್ಚಿಹೋದ ಕೆರೆಯಿಲ್ಲ. ನಾವೂ ಇಲ್ಲ.

ಮಡಿವಾಳ ಕೆರೆಯ ನೀರು ಅಗರ ಕೆರೆಯ ಮೂಲಕ ಬೆಳ್ಳಂದೂರಿಗೆ ಹರಿಯುತ್ತದೆ. 2017ರ ಫೆಬ್ರವರಿಯಲ್ಲಿ ಆ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡಿತು. 'ಬೆಂಕಿ ಹತ್ತಿತು' ಎಂದೆವು. ಕಡ್ಡಿ ಗೀರಿದವರು ಯಾರೇ ಇರಲಿ, ನೀರೇ ಉರಿಯುವಷ್ಟು ಕೊಳೆಯನ್ನು ದಶಕಗಳ ಕಾಲ ಹರಿಯಬಿಟ್ಟವರಿಗೆ ಆ ಮಾತಿನಲ್ಲಿ ಜಾಗವಿರಲಿಲ್ಲ.

ಹಾಗಾದರೆ ಎಲ್ಲದಕ್ಕೂ '-ಇಸು' ಹಚ್ಚಬೇಕೆ? ಅದೂ ಸುಳ್ಳಾದೀತು. ಮಳೆ ಬಾರದಿದ್ದುದು ನಿಜ. ಬಿಸಿಲು ಯಾರ ಅಪ್ಪಣೆಗೂ ಕಾಯುವುದಿಲ್ಲ. ಆಪಾದನೆಯ ಕ್ರಿಯಾಪದವನ್ನು ಬಳಸುವ ಆತುರದಲ್ಲಿ ಎದುರು ಮನೆಯವನನ್ನೋ ಟ್ಯಾಂಕರಿನವನನ್ನೋ ಕರ್ತೃವಾಗಿಸಿ ನಾವು ನುಣುಚಿಕೊಳ್ಳುವುದೂ ಸುಲಭ. 'ಬತ್ತಿಸಿದರು' ಎನ್ನುವವರು ಬಹಳ ಮಂದಿ, 'ಬತ್ತಿಸಿದೆವು' ಎನ್ನುವವರು ವಿರಳ.

ಜಯನಗರದಲ್ಲಿ ಬಾಳಿದ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು 'ಇಗೋ ಕನ್ನಡ' ಅಂಕಣದಲ್ಲಿ ಓದುಗರ ಪದಸಂದೇಹಗಳನ್ನು ವರ್ಷಗಟ್ಟಲೆ ಬಿಡಿಸಿದರು. ಪದದ ಅರ್ಥವನ್ನು ನಿಘಂಟು ಹೇಳೀತು. ನಮ್ಮ ಬೀದಿಯ ಕೊಳವೆಬಾವಿಗೆ ಯಾವ ರೂಪ ಸಲ್ಲುತ್ತದೆ ಎಂಬುದನ್ನು ಮಾತ್ರ ಅದು ಹೇಳಲಾರದು. ಅದನ್ನು ಹೇಳಬೇಕಾದವರು ಅದರ ನೀರು ಕುಡಿದವರು.