ತೋರಿಸುವದೂ ಉತ್ತರಕೊಡುವದೂ

ಜಪಾನ್ ದೇಶದ ಮನೆಗಳಲ್ಲಿ ಹೊರಬಾಗಿಲನ್ನು ದಾಟಿದೊಡನೆ ಸಿಕ್ಕುವ ಸ್ಥಳವು ಮನೆಯ ನೆಲಕ್ಕಿಂತ ಒಂದು ಮೆಟ್ಟಿಲಷ್ಟು ತಗ್ಗಾಗಿರುವದು. ಅದಕ್ಕೆ ಗೆಂಕಾನ್ ಎಂದು ಹೆಸರು. ಹೊರಗಿನಿಂದ ಬಂದವನು ಅಲ್ಲಿ ಪಾದರಕ್ಷೆಗಳನ್ನು ಕಳಚಿ "ತದಾಯಿಮಾ," ಅಂದರೆ ಇದೋ ಬಂದೆ, ಎಂದು ಕೂಗುವನು. ಒಳಗಿರುವವರು ಅನ್ನ ಬೇಯಿಸುತ್ತಿರಲಿ, ಬಟ್ಟೆ ಮಡಚುತ್ತಿರಲಿ, ಕೈಯ ಕೆಲಸವನ್ನು ಬಿಡದೆಯೇ "ಒಕಾಏರಿ," ಅಂದರೆ ತಿರುಗಿ ಬಂದಿಯಾ, ಎಂದು ಉತ್ತರಕೊಡುವರು. ಹೊರಡುವವರೂ ಹೋಗುತ್ತೇನೆ ಅನ್ನದೆ ಹೋಗಿ ಬರುತ್ತೇನೆ ಅನ್ನುವರು. ಈ ವಾಡಿಕೆಯು ನಮ್ಮ ಮನೆಗಳಲ್ಲಿಯೂ ಇರುವದರಿಂದ ವಾಚಕರು ಇದನ್ನು ಸುಲಭವಾಗಿ ತಿಳುಕೊಳ್ಳುವರು. ಇಂಥ ಮಾತುಗಳಲ್ಲಿ ಸುದ್ದಿಯೇನೂ ಇಲ್ಲ. ಬಂದವನು ಬಂದನೆಂಬದು ಬಾಗಿಲಿನ ಸದ್ದಿನಿಂದಲೇ ತಿಳಿಯುವದು. ಆದರೂ ಕೂಗಿಗೆ ಉತ್ತರ ಬಾರದಿದ್ದರೆ ಮನಸ್ಸು ಕಳವಳಗೊಳ್ಳುವದು.

ಇದೇ ಮನೆಗಳೊಳಗೆ ಕೆಲವು ವರುಷಗಳಿಂದ ಬೇರೊಂದು ವಿಧದ ಕೂಗೂ ಉತ್ತರವೂ ಸೇರಿಕೊಂಡಿರುವವು. 2011ನೇ ಮಾರ್ಚ್ 11ರ ಮಧ್ಯಾಹ್ನದಲ್ಲಿ ಆ ದೇಶದ ಈಶಾನ್ಯ ಭಾಗದಲ್ಲಿ ಮಹಾ ಭೂಕಂಪವಾಗಿ, ಸಮುದ್ರವು ಉಕ್ಕಿ ಊರುಗಳ ಮೇಲೆ ಹರಿದು, 18,000ಕ್ಕೂ ಹೆಚ್ಚು ಜನರು ಸತ್ತರು ಇಲ್ಲವೆ ಕಾಣದೆ ಹೋದರು. ಆ ದಿನ ಎಲ್ಲರೂ ಒಮ್ಮೆಗೇ ತಮ್ಮ ತಮ್ಮವರನ್ನು ಕರೆದದ್ದರಿಂದ ಫೋನಿನ ಕರೆಗಳು ಬಹಳ ಮಟ್ಟಿಗೆ ನಿಂತುಹೋದವು. ಅದೇ ವರುಷದ ಜೂನ್ ತಿಂಗಳಲ್ಲಿ ಲೈನ್ ಎಂಬ ಸಾಧನವು ಹೊರಟಿತು. ನಮ್ಮಲ್ಲಿ ವಾಟ್ಸಾಪ್ ಹೇಗೋ ಅಲ್ಲಿ ಲೈನ್ ಹಾಗೆಯೇ. ಕಳುಹಿಸಿದ ಮಾತನ್ನು ಆಚೆಯವನು ತೆರೆದು ನೋಡಿದೊಡನೆ ಅದರ ಪಕ್ಕದಲ್ಲಿ "ಓದಿದ್ದಾಯಿತು" ಎಂಬ ಅರ್ಥದ ಚಿಕ್ಕ ಗುರುತು ಬೀಳುವದು. ಆಪತ್ತಿನಲ್ಲಿ ಸಿಕ್ಕಿ ಉತ್ತರ ಬರೆಯಲಾರದವನು ಸಹ ಬದುಕಿದ್ದಾನೆಂದು ಮನೆಯವರಿಗೆ ಈ ಗುರುತಿನಿಂದ ತಿಳಿಯುವದೆಂದು ಅದನ್ನು ಹೊಗಳುತ್ತಾರೆ, ಹೊಗಳಿಕೆಯು ನ್ಯಾಯವೇ. ಆದರೆ ಭೂಕಂಪವಿಲ್ಲದ ದಿನಗಳಲ್ಲಿ ಆ ಗುರುತು ಬೇರೆ ಕೆಲಸಕ್ಕೆ ಬಿತ್ತು. ಓದಿದ್ದಾನೆ, ಆದರೂ ಉತ್ತರ ಬರೆದಿಲ್ಲ, ಎಂದು ಕಳುಹಿಸಿದವನು ಲೆಕ್ಕ ಹಾಕತೊಡಗಿದನು. ಓದಿಯೂ ಸುಮ್ಮನಿರುವ ಈ ಅಪರಾಧಕ್ಕೆ "ಕಿದೋಕು ಮುಶಿ" ಎಂಬ ಹೆಸರೇ ಹುಟ್ಟಿತು. ಪ್ರಾಣ ಉಳಿದವರ ಗುರುತಾಗತಕ್ಕದ್ದು ಸಾಲಗಾರರ ಗುರುತಾಯಿತು.

ಇದರ ಜೊತೆಗೆ ತೋರಿಸುವ ಭಾರವೂ ಬಂತು. ಶಿಶುವಿಹಾರಕ್ಕೆ ಹೋಗುವ ಮಗುವಿಗೆ ತಾಯಿಯು ಬುತ್ತಿ ಕಟ್ಟಿಕೊಡುವದು ಅಲ್ಲಿ ಹಳೆಯ ಪದ್ಧತಿ. ಅನ್ನದ ಉಂಡೆಯನ್ನು ಕರಡಿಯ ಮುಖವಾಗಿ ಮಾಡಿ, ನೋರಿ ಎಂಬ ಕಡಲಪಾಚಿಯ ಹಾಳೆಯನ್ನು ಕತ್ತರಿಸಿ ಅದಕ್ಕೆ ಕಣ್ಣು ಮೂಗು ಇಟ್ಟರೆ ಮಗು ನಕ್ಕು ಉಣ್ಣುವದು. ಇದರಲ್ಲಿ ತಪ್ಪೇನು? ನಮಗೇನೂ ಕಾಣುವದಿಲ್ಲ. ಆದರೆ ಆ ಬುತ್ತಿಯ ಚಿತ್ರವನ್ನು ತೆಗೆದು ಇನ್‌ಸ್ಟಾಗ್ರಾಂ ಎಂಬ ಜಾಲತಾಣದಲ್ಲಿ ನೂರಾರು ಜನರ ಕಣ್ಣ ಮುಂದೆ ಇಟ್ಟ ಬಳಿಕ, ಮಾರಣೆಯ ದಿನ ಕರಡಿ ಸಾಲದು, ಮೊಲವೂ ಬೇಕಾಗುವದು. ಚಿತ್ರದಲ್ಲಿ ಚೆಲುವಾಗಿ ಕಾಣತಕ್ಕದ್ದಕ್ಕೆ ಜಪಾನಿನವರು "ಇನ್‌ಸ್ಟಾ ಬಾಏ" ಅನ್ನುತ್ತಾರೆ. 2017ರಲ್ಲಿ ಆ ವರುಷದ ಹೊಸ ಮಾತುಗಳನ್ನು ಆರಿಸುವವರು ಈ ಮಾತಿಗೆ ಮೊದಲನೆಯ ಬಹುಮಾನದಲ್ಲಿ ಪಾಲುಕೊಟ್ಟರು. ಅದೇ ವರುಷದ ಪಟ್ಟಿಯಲ್ಲಿ "ವನ್ ಓಪೆ ಇಕುಜಿ" ಎಂಬ ಮಾತೂ ಇತ್ತು. ಒಬ್ಬಳೇ, ಸಹಾಯವಿಲ್ಲದೆ, ಮಗುವನ್ನು ಸಾಕುವದೆಂದು ಅದರ ಅರ್ಥ. ಎರಡು ಮಾತುಗಳೂ ಒಂದೇ ಪಟ್ಟಿಯಲ್ಲಿ ಬಂದದ್ದನ್ನು ಯಾರಾದರೂ ಗಮನಿಸಿದರೋ ಇಲ್ಲವೋ, ನಮಗೆ ಮಾತ್ರ ಅವು ಒಂದೇ ಅಡಿಗೆಮನೆಯ ಎರಡು ಪಾರ್ಶ್ವಗಳಾಗಿ ಕಾಣುತ್ತವೆ. 2021ರಲ್ಲಿ ಆ ಸರಕಾರವು ನಡಿಸಿದ ವಿಚಾರಣೆಯ ಪ್ರಕಾರ ಆರು ವರುಷದೊಳಗಿನ ಮಕ್ಕಳುಳ್ಳ ಮನೆಗಳಲ್ಲಿ ಹೆಂಡತಿಯು ಮನೆಗೆಲಸಕ್ಕೂ ಮಕ್ಕಳ ಸಾಕಣೆಗೂ ದಿನಕ್ಕೆ 7 ತಾಸು 28 ನಿಮಿಷಗಳನ್ನೂ, ಗಂಡನು 1 ತಾಸು 54 ನಿಮಿಷಗಳನ್ನೂ ಕಳೆಯುವರು. ಇಷ್ಟರ ಮೇಲೆ ಚಿತ್ರ ತೆಗೆಯಬೇಕು. ಊಟಕ್ಕೆ ಕೂತ ಮಕ್ಕಳು ಕೈಜೋಡಿಸಿ "ಇತಾದಾಕಿಮಾಸ್," ವಿನಯದಿಂದ ತಕ್ಕೊಳ್ಳುತ್ತೇವೆ, ಎಂದು ಹೇಳುವದಕ್ಕೆ ಬಾಯಿ ತೆರೆದಿರುವಾಗ, ತುಸು ತಡೆಯಿರಿ ಎಂಬ ಮಾತು ಕೇಳಿಸುವದು. ಅನ್ನ ಆರುವದು.

ಹೀಗಿರಲಾಗಿ, ದಣಿದವರು ಇವೆಲ್ಲವನ್ನು ಬಿಟ್ಟುಬಿಡುವದು ಒಳ್ಳೇದಲ್ಲವೇ ಎಂದು ಯಾರಾದರೂ ಕೇಳಾರು. ಬಿಟ್ಟವರು ಅನೇಕರಿದ್ದಾರೆ. ಆದರೆ ಇದಕ್ಕೆ ವಿರೋಧವಾಗಿ ಹೇಳತಕ್ಕದ್ದೂ ಉಂಟು, ನಾವು ಅದನ್ನು ಮರೆಮಾಡಲಾರೆವು. ಒಂದು ಶಾಲೆಯ ತಾಯಂದಿರು ಲೈನ್‌ನಲ್ಲಿ ಒಂದು ಗುಂಪಾಗಿರುವರೆಂದು ಇಟ್ಟುಕೊಳ್ಳೋಣ. ನಾಳೆ ಮಳೆಯಿಂದ ಆಟದ ದಿನವು ನಿಂತಿತೆಂಬ ಸುದ್ದಿ ಅದರಲ್ಲಿ ಬರುವದು. ಒಬ್ಬಳು ಗುಂಪನ್ನು ಬಿಟ್ಟರೆ ಅವಳಿಗೋಸ್ಕರ ಮತ್ತೊಬ್ಬಳು ಬೇರೆಯಾಗಿ ಕರೆ ಮಾಡಬೇಕು. ಬಿಟ್ಟವಳ ಸಮಾಧಾನಕ್ಕೆ ಬಿಡದವಳು ಬೆಲೆ ಕೊಟ್ಟ ಹಾಗಾಯಿತು. ಅದಲ್ಲದೆ ನಡುರಾತ್ರಿಯಲ್ಲಿ ಅಳುವ ಕೂಸನ್ನು ಎತ್ತಿಕೊಂಡು ಕೂತಿರುವ ತಾಯಿಗೆ, ಇನ್ನೊಂದು ಊರಲ್ಲಿ ಹಾಗೆಯೇ ಎಚ್ಚತ್ತಿರುವ ಯಾವಳೋ ಎರಡು ಮಾತು ಬರೆದರೆ ಅದು ಸುಳ್ಳು ಸ್ನೇಹವೆಂದು ಹೇಳುವದಕ್ಕೆ ನಮಗೆ ಧೈರ್ಯವಿಲ್ಲ. ಮನೆಯಲ್ಲಿ ಎಲ್ಲರೂ ಮಲಗಿರುವ ಹೊತ್ತಿನಲ್ಲಿ ಉತ್ತರ ಕೊಟ್ಟವಳು ಅವಳೊಬ್ಬಳೇ.

ನಮ್ಮ ಅಭಿಪ್ರಾಯವೇನಂದರೆ, ಜನರು ಇಲ್ಲಿ ಎರಡು ಕ್ರಿಯೆಗಳನ್ನು ಒಂದೆಂದು ಎಣಿಸಿ ತಪ್ಪುತ್ತಾರೆ. ತೋರಿಸುವದು ಒಂದು, ಉತ್ತರಕೊಡುವದು ಮತ್ತೊಂದು. ಒಂದೇ ಫೋನಿನಲ್ಲಿ ಎರಡೂ ನಡೆಯುವದರಿಂದ ಈ ಗೊಂದಲ. ಅವುಗಳನ್ನು ಬೇರ್ಪಡಿಸಿ ನೋಡುವದಕ್ಕೆ ಜಪಾನಿನ ಮನೆಗಳಲ್ಲಿಯೇ ಒಳ್ಳೇ ಉದಾಹರಣೆಗಳು ಇವೆ.

ಬಸುರಾದ ಪ್ರತಿ ಸ್ತ್ರೀಗೂ ಅಲ್ಲಿನ ಪಟ್ಟಣ ಸಭೆಯು "ತಾಯಿ ಮಗುವಿನ ಕೈಪುಸ್ತಕ"ವೊಂದನ್ನು ಕೊಡುವದು. ಬಸುರಿಯರಿಗಾಗಿ 1942ರಲ್ಲಿ ಆರಂಭವಾದ ಕೈಪುಸ್ತಕವು 1948ರಿಂದ ತಾಯಿ ಮಗು ಇಬ್ಬರದೂ ಆಯಿತು. ಕೂಸಿನ ತೂಕ, ಹಾಕಿಸಿದ ಚುಚ್ಚುಮದ್ದು, ಮೊದಲು ನಡೆದ ದಿನ, ಇವೆಲ್ಲ ಅದರಲ್ಲಿ ಬರೆಯಲ್ಪಡುವವು. ತಾಯಿಯು ತನ್ನ ಮನಸ್ಸಿಗೆ ಬಂದದ್ದನ್ನು ಬರೆಯುವದಕ್ಕೂ ಸ್ಥಳವುಂಟು. ಅದನ್ನು ಯಾರು ಓದುವರು? ವೈದ್ಯರು ಓದುವರು. ಅನಂತರ ಪೆಟ್ಟಿಗೆಯಲ್ಲಿ ಇಡಲ್ಪಟ್ಟು, ಮಗು ದೊಡ್ಡವಳಾಗಿ ಮದುವೆಯಾಗುವಾಗ ಇಲ್ಲವೆ ತಾನೇ ತಾಯಿಯಾಗುವಾಗ, ಅವಳ ಕೈಗೆ ಅದನ್ನು ಕೊಡುವ ತಾಯಂದಿರಿದ್ದಾರೆ. ಇಪ್ಪತ್ತು ಮೂವತ್ತು ವರುಷ ಕಾದ ಬರಹಕ್ಕೆ ಒಬ್ಬಳೇ ಓದುಗಳು. ಚಿತ್ರವನ್ನಾದರೋ ಜಾಲದಲ್ಲಿ ಸಾವಿರ ಜನರು ನೋಡಿಯಾದ ಮೇಲೆ ಕಡೆಗೆ ನೋಡುವದು ಆ ಮಗುವೇ. ತನ್ನ ಸ್ನಾನದ ಚಿತ್ರ, ತನ್ನ ಅಳುವಿನ ಚಿತ್ರ, ಯಾರಾರ ಮುಂದೆ ಹೋಯಿತೆಂದು ಅದಕ್ಕೆ ಆಗ ತಿಳಿಯುವದು. ಮಾತಾಡಲಾರದ ಕೂಸಿನ ಅಪ್ಪಣೆಯನ್ನು ನಾವು ಯಾರಿಂದ ಕೇಳಿಕೊಂಡೆವು?

ಹಾನಿ ಮೊತೊಕೊ ಎಂಬವಳನ್ನೂ ಇಲ್ಲಿ ನೆನಸತಕ್ಕದ್ದು. (ಹಾನಿ ಎಂಬದು ಅಲ್ಲಿ ಮನೆತನದ ಹೆಸರು, ನಮ್ಮ ಭಾಷೆಯ ಅರ್ಥವನ್ನು ಅದಕ್ಕೆ ಹಚ್ಚಬಾರದು.) 1873ರಲ್ಲಿ ಹುಟ್ಟಿ, ಕ್ರೈಸ್ತಳಾಗಿ, ಆ ದೇಶದ ಪತ್ರಿಕಾ ಕೆಲಸಕ್ಕೆ ಸೇರಿದ ಮೊದಲನೆಯ ಸ್ತ್ರೀಯರಲ್ಲಿ ಒಬ್ಬಳಾದ ಈಕೆಯು 1904ರಲ್ಲಿ ಮನೆಯ ಜಮಾಖರ್ಚು ಬರೆದಿಡುವ ಪುಸ್ತಕವನ್ನು ಅಚ್ಚು ಹಾಕಿಸಿದಳು. ಅನ್ನಕ್ಕೆ ಇಷ್ಟು, ಇದ್ದಲಿಗೆ ಇಷ್ಟು ಎಂದು ಗೃಹಿಣಿಯು ತನ್ನ ಕಣ್ಣಿಗೆ ತಾನೇ ತೋರಿಸಿಕೊಳ್ಳುವ ಲೆಕ್ಕವದು. ಈಕೆಯ ಪತ್ರಿಕೆಯ ಓದುಗರು 1930ರಲ್ಲಿ ಒಂದು ಸಂಘವಾಗಿ ಕೂಡಿ, ತಮ್ಮ ಮನೆಯ ಲೆಕ್ಕಗಳನ್ನು ಒಬ್ಬರಿಗೊಬ್ಬರು ತೆರೆದು ಮಾತಾಡುವ ಪದ್ಧತಿಯನ್ನು ಬೆಳಿಸಿದರು. ಆದಕಾರಣ ಮನೆಯ ಮಾತು ಮನೆಯ ಹೊಸ್ತಿಲು ದಾಟಲೇ ಕೂಡದೆಂದು ನಾವು ಹೇಳುವದಿಲ್ಲ. ಕೂತು ಕೇಳಿ, ನಿನ್ನ ಖರ್ಚು ಇಲ್ಲಿ ಹೆಚ್ಚಾಯಿತಲ್ಲಾ ಅನ್ನುವವಳ ಮುಂದೆ ತೆರೆದಿಟ್ಟ ಲೆಕ್ಕವು ಪ್ರದರ್ಶನವಲ್ಲ. ಅಲ್ಲಿ ಉತ್ತರ ಬರುವದು. ಹೃದಯದ ಆಕಾರದ ಗುರುತು ಒತ್ತಿ ಮುಂದಕ್ಕೆ ಹೋಗುವವನ ಹತ್ತಿರ ನಮಗೆ ಕೊಡತಕ್ಕ ಉತ್ತರವಿಲ್ಲ.

ಆದದರಿಂದ ತೋರಿಸುವದನ್ನು ಯಾವಳಾದರೂ ಯಾರನ್ನೂ ಕೇಳದೆ ಇಂದೇ ಬಿಡಬಹುದು, ಯಾರಿಗೂ ನಷ್ಟವಾಗದು. ಉತ್ತರಕೊಡುವದನ್ನಾದರೋ ಹಾಗೆ ಬಿಡಲಾಗದು, ಯಾಕಂದರೆ ಕಾದಿರುವವರು ಇದ್ದಾರೆ. ಅದರ ಭಾರವನ್ನು ಇಳಿಸಬೇಕಾದರೆ ಕಾದಿರುವವರ ಕೂಡ ಮಾತಾಡಿಯೇ ಇಳಿಸಬೇಕು. ಐಚಿ ಪ್ರಾಂತದ ಕಾರಿಯಾ ಪಟ್ಟಣದಲ್ಲಿ 2014ರಲ್ಲಿ ಶಾಲೆಗಳೂ ಹೆತ್ತವರೂ ಕೂಡಿ, ರಾತ್ರಿ 9 ಗಂಟೆಯಾದ ಮೇಲೆ ಮಕ್ಕಳ ಫೋನುಗಳನ್ನು ತಾಯಿತಂದೆಗಳು ತೆಗೆದಿಡಬೇಕೆಂದು ಗೊತ್ತುಮಾಡಿಕೊಂಡರು. ಇದನ್ನು ಕೆಲವರು ಮಕ್ಕಳ ಮೇಲಣ ಕಟ್ಟುಪಾಡು ಎಂದಾರು. ನಮಗೆ ಅದು ಮಕ್ಕಳಿಗೆ ಕೊಟ್ಟ ಬಿಡುಗಡೆಯಾಗಿ ಕಾಣುವದು: ಎಲ್ಲರ ಫೋನೂ ಕಪಾಟಿನಲ್ಲಿರುವಾಗ ಯಾವನೂ ಓದಿಯೂ ಸುಮ್ಮನಿದ್ದವನಾಗುವದಿಲ್ಲ. ಒಬ್ಬನೇ ಮೌನವಾಗಿದ್ದರೆ ಅಪರಾಧಿ. ಎಲ್ಲರೂ ಒಪ್ಪಿ ಮೌನವಾಗಿದ್ದರೆ ಅದು ರಾತ್ರಿ. ಅದೇ ಪ್ರಾಂತದ ತೊಯೊಆಕೆ ಪಟ್ಟಣವು 2025ನೇ ಅಕ್ಟೋಬರ್ 1ರಿಂದ, ಕೆಲಸಕ್ಕೂ ಪಾಠಕ್ಕೂ ಬೇಕಾದದ್ದನ್ನು ಬಿಟ್ಟು ದಿನಕ್ಕೆ 2 ತಾಸು ಸಾಕೆಂಬ ನಿಯಮವನ್ನು ದೊಡ್ಡವರಿಗೂ ಸೇರಿಸಿ ಮಾಡಿತು, ಮೀರಿದವರಿಗೆ ದಂಡವಿಲ್ಲ. ಮಕ್ಕಳಿಗೆ ಹೇಳಿದ್ದನ್ನು ತಮಗೂ ಹೇಳಿಕೊಂಡದ್ದು ಮೆಚ್ಚತಕ್ಕದ್ದು. ಆದರೆ ತಾಸುಗಳ ಲೆಕ್ಕಕ್ಕೆ ಅಪರಿಚಿತರಿಗೆ ಬುತ್ತಿ ತೋರಿಸಿದ ಅರ್ಧ ತಾಸೂ ಮುದಿ ತಾಯಿಯ ಮುಖ ನೋಡಿ ಮಾತಾಡಿದ ಅರ್ಧ ತಾಸೂ ಒಂದೇ ಆಗಿರುವದು.

ಜಪಾನಿನಲ್ಲಿ ಕಂಪನಿಯ ಅಪ್ಪಣೆಯಿಂದ ಹೆಂಡತಿ ಮಕ್ಕಳನ್ನು ಬಿಟ್ಟು ದೂರದ ಊರಲ್ಲಿ ವರುಷಗಟ್ಟಲೆ ಒಂಟಿಯಾಗಿರುವ ತಂದೆಗಳು ಬಹಳ. ಅಂಥ ಮನೆಯೊಂದರಲ್ಲಿ ರಾತ್ರಿ ಎಂಟು ಗಂಟೆಗೆ ಮಗಳು ಸೋಯಾ ರಸದ ಕುಪ್ಪಿಗೆ ಫೋನನ್ನು ಒರಗಿಸಿ ಇಡುವಳೆಂದು ನೆನಸಿರಿ. ನೂರಾರು ಮೈಲು ಆಚೆ ತನ್ನ ಬಾಡಿಗೆ ಕೋಣೆಯ ಬಾಗಿಲು ತೆರೆದ ತಂದೆಯು, ಪಾದರಕ್ಷೆಗಳನ್ನು ಇನ್ನೂ ಕಳಚದೆ, ಕೈಯಲ್ಲಿರುವ ಫೋನಿಗೆ ತದಾಯಿಮಾ ಅನ್ನುವನು. ಮೇಜಿನ ಸುತ್ತಲಿರುವ ಎಲ್ಲರೂ ಒಕಾಏರಿ ಎಂದು ಕೂಗುವರು. ಮಗಳು ಅಲ್ಲಾಡುವ ಹಲ್ಲನ್ನು ನಾಲಿಗೆಯಿಂದ ದೂಡಿ ತೋರಿಸುವಳು. ಯಾವಾಗ ಬಿದ್ದೀತೆಂದು ಅವನು ಕೇಳುವನು. ಅಲ್ಲಿಯೂ ಅನ್ನ ಆರುವದು, ಆದರೆ ಯಾರೂ ಅವಸರಪಡಿಸುವದಿಲ್ಲ.