ನಿಂತ ಗಾಡಿಯ ಕೂಲಿ

(2025ರ ಆಗಸ್ಟ್ 18, ಸೋಮವಾರ ಸಂಜೆ. ಟೊರಾಂಟೊ ಪಕ್ಕದ ಬ್ರಾಂಪ್ಟನ್ನಿನ ಒಂದು ಮನೆ. ಮಾವ ಹಾಸನದಲ್ಲಿ ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಅಳಿಯ ಸಾಫ್ಟ್‌ವೇರಿನವನು. ಟಿವಿಯಲ್ಲಿ ಏರ್ ಕೆನಡಾ ಗಗನಸಖಿಯರ ಮುಷ್ಕರದ ಸುದ್ದಿ.)

ಅಳಿಯ: ಇವತ್ತಿಗೆ ಮೂರನೇ ದಿನ ಮಾವ. ದಿನಕ್ಕೆ ಸುಮಾರು 1,30,000 ಜನರನ್ನ ಸಾಗಿಸೋ ಕಂಪನಿ. 10,000 ಸಿಬ್ಬಂದಿ ಕೈಕಟ್ಟಿ ನಿಂತರು, ಎಲ್ಲಾ ಬಂದ್. ಜಗಳ ಅವರವರದು, ಏಟು ತಿನ್ನೋರು ಹೊರಗಿನವರು.

ಮಾವ: ಏನು ಕೇಳ್ತಿದ್ದಾರೆ?

ಅಳಿಯ: ಸಂಬಳ ಜಾಸ್ತಿ ಮಾಡಿ ಅಂತ. ಜೊತೆಗೆ ನೆಲದ ಮೇಲಿನ ಕೆಲಸಕ್ಕೂ ಕೂಲಿ. ಈಗ ವಿಮಾನ ಗೇಟು ಬಿಟ್ಟ ಮೇಲೆ ಗಂಟೆ ಲೆಕ್ಕ ಶುರು.

ಮಾವ: ಜನರನ್ನ ಹತ್ತಿಸಿಕೊಳ್ಳೋದು?

ಅಳಿಯ: ಲೆಕ್ಕಕ್ಕಿಲ್ಲ.

ಮಾವ: ಇಳಿಸೋದು?

ಅಳಿಯ: ಅದೂ ಇಲ್ಲ ಅನ್ನಿ.

ಮಾವ: ಇದೊಳ್ಳೇ ಕತೆ. ಬೆಳಗಿನ ಜಾವ ನಾಲ್ಕೂವರೆಗೆ ಡಿಪೋಗೆ ಹೋಗ್ತಿದ್ದೆ. ಟಿಕೆಟ್ ಮೆಷಿನ್ ತಗೋಬೇಕು, ವೇಬಿಲ್ ನೋಡ್ಕೋಬೇಕು, ಸ್ಟ್ಯಾಂಡಿಗೆ ಬಂದು ಕಂಟ್ರೋಲರ್ ಹತ್ರ ಎಂಟ್ರಿ ಹಾಕಿಸಬೇಕು. ಆಮೇಲೆ ‘ಸಕಲೇಶಪುರ, ಸಕಲೇಶಪುರ’ ಅಂತ ಗಂಟಲು ಹರ್ಕೋಬೇಕು. ಕಾಫಿ ಮೂಟೆಗೆ ಲಗೇಜ್ ಟಿಕೆಟ್ ಅಂದ್ರೆ ಜಗಳ. ಅಜ್ಜಿಯೊಬ್ಬಳ ರಟ್ಟೆ ಹಿಡಿದು ಹತ್ತಿಸಿದ್ರೆ, ಅವಳ ಚೀಲ ಇನ್ನೂ ಕೆಳಗೇ. ಗಾಡಿ ಹೊರಟ ಮೇಲೇ, ಅಳಿಯಂದಿರೇ, ನಾನು ಒಂದು ಗಳಿಗೆ ಕಂಬಿಗೆ ಒರಗ್ತಿದ್ದದ್ದು. ನಿಂತ ಗಾಡೀಲಿ ಕೆಲಸ ಹೆಚ್ಚು. ಇವರು ಓಡೋ ಹೊತ್ತಿಗೆ ಮಾತ್ರ ದುಡ್ಡು ಎಣಿಸ್ತಾರೆ ಅಂದ್ರೆ, ಅಡುಗೆ ಭಟ್ಟರಿಗೆ ಪಂಕ್ತಿ ಕೂತಷ್ಟು ಹೊತ್ತಿನ ದುಡ್ಡು ಕೊಟ್ಟ ಹಾಗಾಯ್ತು.

ಅಳಿಯ: ಭಟ್ಟರಿಗೆ ನಾವು ಗುತ್ತಿಗೆ ಲೆಕ್ಕದಲ್ಲಿ ಕೊಡ್ತೀವಿ. ತರಕಾರಿ ಹೆಚ್ಚಿದ್ದಕ್ಕೆ ಬೇರೆ ಬಿಲ್ ಇದ್ಯಾ? ಇಲ್ಲೂ ಹಾಗೇ, ಹಾರಾಟದ ಗಂಟೆಯ ದರದಲ್ಲೇ ಉಳಿದದ್ದೆಲ್ಲ ಸೇರಿದೆ ಅನ್ಕೊಳ್ಳಿ. ಒಪ್ಪಿ ಸಹಿ ಹಾಕಿದವರು ಅವರೇ ತಾನೇ?

(ಮಾವ ಸುಮ್ಮನಾದರು. ಅಳಿಯನ ಮಾತು ತೆಗೆದುಹಾಕುವಂಥದ್ದಲ್ಲ ಎಂದು ನನಗೂ ಅನಿಸುತ್ತದೆ.)

ಮಾವ: ಸೇರಿದೆ ಅಂತಲೇ ಇಟ್ಕೊಳ್ಳಿ. ವಿಮಾನ ಗೇಟಿನಲ್ಲೇ ಒಂದು ಗಂಟೆ ತಡ ಆಯ್ತು. ಆ ಒಂದು ಗಂಟೆ ಯಾರ ಖಾತೆಗೆ? ಮುಹೂರ್ತ ಮುಂದೆ ಹೋದ್ರೆ ಭಟ್ಟರು ಒಲೆ ಆರಿಸಿ ಬೀಡಿ ಹಚ್ಚಬಹುದು. ಈ ಹುಡುಗಿ ಸಮವಸ್ತ್ರದಲ್ಲಿ ನಗ್ತಾ ನಿಂತಿರಬೇಕು. ಗಡಿಯಾರ ಅವಳದು, ಬೀಗದ ಕೈ ಕಂಪನೀದು.

ಅಳಿಯ: ಸರಿ, ಅಷ್ಟು ಒಪ್ಪಿದೆ. ಆದ್ರೆ ಕಾನೂನು? ಶನಿವಾರ ಮುಷ್ಕರ ಶುರುವಾಗಿ 12 ಗಂಟೆಯೊಳಗೆ ಮಂತ್ರಿಗಳು ಕಾರ್ಮಿಕ ಸಂಹಿತೆಯ 107ನೇ ಕಲಂ ಹಿಡಿದು ಕೆಲಸಕ್ಕೆ ಮರಳಿ ಅಂದ್ರು. ಯೂನಿಯನ್ ಮುಖಂಡ ಆ ಆದೇಶವನ್ನ ಎಲ್ಲರೆದುರು ಹರಿದುಹಾಕಿದ. ಇವತ್ತು ಇಲ್ಲಿನ ಕಾರ್ಮಿಕ ಮಂಡಳಿ ಮುಷ್ಕರವೇ ಅಕ್ರಮ ಅಂದಿದೆ.

ಮಾವ: ಹರೀಬಾರದಿತ್ತು. ಮಡಿಚಿ ಜೇಬಿನಲ್ಲಿ ಇಟ್ಕೊಂಡು ನಿಂತಿದ್ರೂ ನಡೀತಿತ್ತು. ಆದ್ರೂ ಹಾಗೆ ಅರ್ಧ ದಿನದಲ್ಲಿ ಮುಗಿಸೋದಾದ್ರೆ ಕಂಪನಿ ಯಾಕೆ ಮಾತಾಡಬೇಕು? ಮಂತ್ರಿ ಫೋನಿಗೆ ಕಾದ್ರೆ ಸಾಕಲ್ಲ. 1981ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಇಂಥದ್ದೇ ಹೊತ್ತಲ್ಲಿ 11,000ಕ್ಕೂ ಹೆಚ್ಚು ವಿಮಾನ ನಿಯಂತ್ರಕರನ್ನ ಒಂದೇ ಏಟಿಗೆ ಮನೆಗೆ ಕಳಿಸಿದ. ಅವರು ಸರ್ಕಾರಿ ನೌಕರರು, ಅದು ಬೇರೆ...

ಅಳಿಯ: ಬೇರೆ ಅಂದ್ರೆ ಬಿಡಿ. ನಮ್ಮಂಥ ಹೊರಗಿನವರ ಮಾತು ಹೇಳಿ.

ಮಾವ: 2021ರ ಏಪ್ರಿಲ್‌ನಲ್ಲಿ ಆರನೇ ವೇತನ ಆಯೋಗದ ಸಂಬಳ ಕೊಡಿ ಅಂತ ನಾವು ಎರಡು ವಾರ ಬಸ್ ನಿಲ್ಲಿಸಿದ್ವಿ. ದಿನಾ ‘ಹೋಲ್ಡಾನ್’ ಅಂತ ನನ್ನ ಗಾಡಿ ಹತ್ತುತ್ತಿದ್ದ ಮೇಷ್ಟ್ರು ಸಂತೇಲಿ ಸಿಕ್ಕಿ ‘ನಿಮಗೆ ಜನರ ಕಷ್ಟ ಗೊತ್ತಾಗಲ್ವೇನ್ರೀ’ ಅಂದ್ರು. ಸುಳ್ಳಲ್ಲ, ಅವರು ಆರು ಮೈಲಿ ನಡೆದು ಬಂದಿದ್ರು. ಆದ್ರೆ ಹದಿನಾಲ್ಕು ವರ್ಷ ನನ್ನ ಬಸ್ಸಲ್ಲಿ ಬಂದವರು ಒಂದು ದಿನವೂ ನಿಮ್ಮ ಸಂಬಳ ಎಷ್ಟು ಅಂತ ಕೇಳಿರಲಿಲ್ಲ. ಗಾಡಿ ನಿಂತ ದಿನವೇ ನಾನು ಕಣ್ಣಿಗೆ ಬಿದ್ದದ್ದು.

ಅಳಿಯ: ಕಂಪನಿ ಸಂಬಳ ಸವಲತ್ತು ಎಲ್ಲ ಸೇರಿ ನಾಲ್ಕು ವರ್ಷಕ್ಕೆ ಒಟ್ಟು ಶೇ 38 ಹೆಚ್ಚಿಸ್ತೀವಿ ಅಂದಿತ್ತು. ನೆಲದ ಕೆಲಸಕ್ಕೂ ಗಂಟೆ ದರದ ಅರ್ಧ ಕೊಡೋಕೆ ತಯಾರಿತ್ತು.

ಮಾವ: ಅರ್ಧ ಟಿಕೆಟ್ಟಾ? ಅದನ್ನ ನಾವು ಮಕ್ಕಳಿಗೆ ಹರೀತಿದ್ವಿ.

(ಮರುದಿನ ಬೆಳಗಿನ ಜಾವ ಒಪ್ಪಂದವಾಯಿತು. ನೆಲದ ಮೇಲಿನ ಕೆಲಸಕ್ಕೂ ಕೂಲಿ ಬಂತು, ಗಂಟೆ ದರದ ಅರ್ಧದಿಂದ ಶುರು. ಸೆಪ್ಟೆಂಬರಿನಲ್ಲಿ ವೇತನದ ಭಾಗವನ್ನು ಮತಕ್ಕೆ ಹಾಕಿದಾಗ ಮತ ಚಲಾಯಿಸಿದ ಸಿಬ್ಬಂದಿಯಲ್ಲಿ ಶೇ 99.1ರಷ್ಟು ಮಂದಿ ಬೇಡವೆಂದರು.)