ಕೊಟ್ಟದ್ದು ಚಾಕಲೇಟೋ, ಪ್ರೀತಿಯೋ?



ಚಾಕಲೇಟಿಲ್ಲದ ಸಂಭ್ರಮ ಇಂದು ನಮ್ಮ ಮನೆಗಳಲ್ಲಿ ಅಪರೂಪ. ಮಗುವಿನ ಹುಟ್ಟುಹಬ್ಬ, ಪ್ರಥಮ ಪರಮಪ್ರಸಾದ ಸ್ವೀಕಾರ, ಕ್ರಿಸ್ತಜಯಂತಿ, ಪಾಸ್ಖ ಹಬ್ಬ, ಪರೀಕ್ಷೆಯ ಫಲಿತಾಂಶ, ಎಲ್ಲಕ್ಕೂ ಒಂದು ಡಬ್ಬಿ ಚಾಕಲೇಟು. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರು ರಜೆಯಲ್ಲಿ ಊರಿಗೆ ಬಂದರಂತೂ ಪೆಟ್ಟಿಗೆ ಬಿಚ್ಚುವುದನ್ನೇ ಮಕ್ಕಳು ಕಾಯುತ್ತಾ ಕೂರುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಸಂತೋಷವನ್ನು ಹಂಚಿಕೊಂಡು ತಿನ್ನಬೇಕೆನ್ನುವ ಮನಸ್ಸು ದೇವರೇ ನಮ್ಮಲ್ಲಿ ಇಟ್ಟದ್ದು. ಆದರೆ ಕೈಯಿಂದ ಕೈಗೆ ಸಾಗುವ ಈ ಪುಟ್ಟ ಸಿಹಿಯ ಬಗ್ಗೆ ನಾವು ಎಂದಾದರೂ ಧ್ಯಾನಿಸಿದ್ದೇವೆಯೇ?

ಚಾಕಲೇಟಿನ ಮೂಲ ಕೋಕೋ ಮರದ ಬೀಜ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಈ ಮರಕ್ಕೆ ಥಿಯೋಬ್ರೋಮಾ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ 'ದೇವತೆಗಳ ಆಹಾರ'. ಹೆಸರು ಹೀಗಿದ್ದರೂ ಹಸಿ ಬೀಜವನ್ನು ಅಗಿದರೆ ಬರೀ ಕಹಿ. ಕಾಯಿ ಒಡೆದು, ಬೀಜಗಳನ್ನು ಐದಾರು ದಿನ ಹುದುಗಲು ಬಿಟ್ಟು, ಬಿಸಿಲಿನಲ್ಲಿ ಒಣಗಿಸಿ, ಹುರಿದು, ಸಿಪ್ಪೆ ತೆಗೆದು, ನುಣ್ಣಗೆ ಅರೆಯಬೇಕು. ಸರಿಯಾಗಿ ಹುದುಗದ ಬೀಜವನ್ನು ಎಷ್ಟು ಹುರಿದರೂ ಆ ಪರಿಮಳ ಬಾರದು.

ಹೀಗೆ ಅರೆದದ್ದಕ್ಕೆ ಸಕ್ಕರೆ ಬೆರೆಸಿದರೆ ಕಪ್ಪು ಚಾಕಲೇಟು. 1875ರಲ್ಲಿ ಸ್ವಿಟ್ಜರ್ಲೆಂಡಿನ ಡೇನಿಯಲ್ ಪೀಟರ್ ಅದಕ್ಕೆ ಹಾಲನ್ನು ಸೇರಿಸಿ ಹಾಲಿನ ಚಾಕಲೇಟನ್ನು ರೂಪಿಸಿದರು. ಬಿಳಿ ಚಾಕಲೇಟಿನಲ್ಲಿ ಬೀಜದ ಕಪ್ಪು ಭಾಗ ಇರುವುದಿಲ್ಲ. ಕೋಕೋ ಬೆಣ್ಣೆ, ಹಾಲು, ಸಕ್ಕರೆ ಮಾತ್ರ. ಇವಲ್ಲದೆ ಇನ್ನೊಂದು ಬಗೆಯಿದೆ. ದುಬಾರಿಯಾದ ಕೋಕೋ ಬೆಣ್ಣೆಯ ಬದಲು ಅಗ್ಗದ ಸಸ್ಯಕೊಬ್ಬು ಹಾಕಿ ಮಾಡಿದ್ದು. ಹೊರಗಿನ ಹೊಳೆಯುವ ಕಾಗದ ಒಂದೇ, ಬಣ್ಣವೂ ಒಂದೇ. ಆದರೆ ಕೋಕೋ ಬೆಣ್ಣೆ ನಮ್ಮ ಮೈಯ ಬಿಸಿಗೆ ನಾಲಿಗೆಯ ಮೇಲೆ ಕರಗುತ್ತದೆ. ಬದಲಿ ಕೊಬ್ಬು ಎಷ್ಟೋ ಸಲ ಮೇಣದಂತೆ ಅಂಟಿಕೊಳ್ಳುತ್ತದೆ.

ಪ್ರಿಯರೇ, ನಾವು ಕೊಡುವ ಉಡುಗೊರೆಗಳಲ್ಲೂ ಇಂಥ ಬದಲಿ ವಸ್ತು ಸೇರಿಕೊಂಡಿದೆಯೇ? ಸಂತ ಥಾಮಸ್ ಅಕ್ವಿನಾಸರು ಉಡುಗೊರೆಯ ಬಗ್ಗೆ ಬಹಳ ಆಳವಾಗಿ ಯೋಚಿಸಿದವರು. ಮರಳಿ ಪಡೆಯುವ ಉದ್ದೇಶವಿಲ್ಲದೆ ಕೊಟ್ಟದ್ದೇ ನಿಜವಾದ ಕೊಡುಗೆ ಎಂಬುದು ಅವರ ಬೋಧನೆ. ನಾವು ಇನ್ನೊಬ್ಬರಿಗೆ ಮೊದಲು ಕೊಡುವುದು ಅವರ ಒಳಿತನ್ನು ಬಯಸುವ ಪ್ರೀತಿಯನ್ನು. ಉಳಿದೆಲ್ಲ ಕೊಡುಗೆಗಳು ಅದರ ಹಿಂದೆ ಬರುತ್ತವೆ. ಆದ್ದರಿಂದಲೇ ಪವಿತ್ರಾತ್ಮರಿಗೆ 'ವರದಾನ' ಎಂಬ ಹೆಸರು ಸಲ್ಲುತ್ತದೆ ಎಂದು ಅವರು ವಿವರಿಸುತ್ತಾರೆ. ಪ್ರೀತಿ ಮೊದಲು, ಡಬ್ಬಿ ಆಮೇಲೆ. ಪ್ರೀತಿಯಿಲ್ಲದೆ ಡಬ್ಬಿ ಮಾತ್ರ ಬಂದರೆ ಅದು ಉಡುಗೊರೆಯಲ್ಲ, ವ್ಯವಹಾರ.

ನಮ್ಮ ಮನೆಗಳನ್ನೇ ನೋಡಿಕೊಳ್ಳೋಣ. ಹೆಂಡತಿಯೊಡನೆ ಮಾತು ಬಿಟ್ಟು ನಾಲ್ಕು ದಿನವಾಗಿದೆ. ಐದನೆಯ ದಿನ ಮೇಜಿನ ಮೇಲೆ ಒಂದು ಡಬ್ಬಿ ಇಟ್ಟುಬಿಟ್ಟರೆ ಕ್ಷಮೆ ಕೇಳಿದಂತಾಯಿತೇ? ಮಗ ಏನನ್ನೋ ಹೇಳಬೇಕೆಂದು ಬಂದಾಗ ಕೈಗೆ ಚಾಕಲೇಟು ಕೊಟ್ಟು ಹೊರಗೆ ಕಳುಹಿಸಿದರೆ ಅವನ ಮಾತು ಕೇಳಿದಂತಾಯಿತೇ? ಬಲಿಪೀಠದ ಮುಂದೆ ಕಾಣಿಕೆ ತಂದವನಿಗೆ ಪ್ರಭು ಯೇಸು ಹೇಳಿದ್ದನ್ನು ನೆನಪಿಸಿಕೊಳ್ಳಿ (ಮತ್ತಾಯ 5:23-24). ಸಹೋದರನೊಡನೆ ಮನಸ್ತಾಪವಿದ್ದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು, ಮೊದಲು ಹೋಗಿ ರಾಜಿಯಾಗಿ ಬರಬೇಕು. ದೇವರಿಗೆ ಕೊಡುವ ಕಾಣಿಕೆಯೇ ಕ್ಷಮೆಯ ಜಾಗವನ್ನು ತುಂಬಲಾರದು ಎಂದಮೇಲೆ ಅಂಗಡಿಯ ಸಿಹಿ ತುಂಬೀತೇ?

ಹಾಗೆಂದು ಎಲ್ಲ ಡಬ್ಬಿಗಳನ್ನೂ ಅನುಮಾನದಿಂದ ನೋಡಬಾರದು. ಪರದೇಶದಲ್ಲಿ ಒಂದೇ ಕೋಣೆಯಲ್ಲಿ ಹಲವರೊಡನೆ ಬಾಳಿ, ತನ್ನ ಊಟದ ಖರ್ಚು ಉಳಿಸಿ, ಮಗಳಿಗೆಂದು ಚಾಕಲೇಟು ತರುವ ತಂದೆಯ ಕೊಡುಗೆ ಬಡ ವಿಧವೆಯ ಎರಡು ಕಾಸುಗಳಿಗೆ ಸಮ. ತಾಯಂದಿರೇ, ಆ ಬೆವರಿನ ಕಥೆಯನ್ನೂ ಮಕ್ಕಳಿಗೆ ಹೇಳಿ. ತಂದೆಯವರೇ, ರಜೆಯ ದಿನಗಳಲ್ಲಿ ಮಗುವಿನ ಪಕ್ಕದಲ್ಲಿ ಕುಳಿತು ಅದನ್ನು ಹಂಚಿಕೊಂಡು ತಿನ್ನಿ. ಆಗ ಆ ಸಿಹಿ ಬಹುಕಾಲ ನೆನಪಿನಲ್ಲಿ ಉಳಿಯುತ್ತದೆ.

ಇನ್ನೊಂದು ಮಾತು. ನಾವು ಕೊಳ್ಳುವ ಸಿಹಿಯ ಹಿಂದೆ ಯಾರ ಕೈಗಳಿವೆ? ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೋಕೋ ಬರುವುದು ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ಮತ್ತು ಘಾನಾ ದೇಶಗಳಿಂದ. ಅಲ್ಲಿನ ತೋಟಗಳಲ್ಲಿ ಮಕ್ಕಳ ದುಡಿಮೆಯ ಅತಿ ಕೆಟ್ಟ ರೂಪಗಳನ್ನು ಕೊನೆಗಾಣಿಸುವುದಾಗಿ ಚಾಕಲೇಟು ಉದ್ಯಮ 2001ರಲ್ಲಿ ಮಾತು ಕೊಟ್ಟಿತು. ಆದರೂ ಆ ಎರಡು ದೇಶಗಳ ಕೋಕೋ ಪ್ರದೇಶಗಳಲ್ಲಿ ಸುಮಾರು 15 ಲಕ್ಷ ಮಕ್ಕಳು ಬಾಲಕಾರ್ಮಿಕರಾಗಿ ಆ ಬೆಳೆಯಲ್ಲಿ ದುಡಿಯುತ್ತಿದ್ದರೆಂದು ಶಿಕಾಗೋ ವಿಶ್ವವಿದ್ಯಾಲಯದ ಸಂಸ್ಥೆಯೊಂದು 2020ರಲ್ಲಿ ವರದಿ ಮಾಡಿತು. ಕೊಯ್ಲಿನವರ ತಡೆಹಿಡಿದ ಕೂಲಿ ದೇವರಿಗೆ ಮೊರೆಯಿಡುತ್ತದೆ ಎಂದು ಸಂತ ಯಕೋಬರು ಎಚ್ಚರಿಸಿದ್ದು (5:4) ಇಂಥದ್ದನ್ನೇ ಅಲ್ಲವೇ? ನಮ್ಮ ದಕ್ಷಿಣ ಕನ್ನಡದಲ್ಲಿ ಅಡಿಕೆ ತೋಟಗಳ ನಡುವೆ ಕೋಕೋ ಬೆಳೆಯುತ್ತಾರೆ. 1973ರಲ್ಲಿ ಹುಟ್ಟಿದ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೇ ಆರಂಭಿಸಿತು. ಬೆಳೆದವರೇ ಒಟ್ಟಾಗಿ ನಿಂತರೆ ಬೇರೆ ದಾರಿಯೂ ಉಂಟು ಎಂಬುದಕ್ಕೆ ಇದು ಸಾಕ್ಷಿ.

1664ರಲ್ಲಿ ಕಾರ್ಡಿನಲ್ ಬ್ರಾಂಕಾಚಿಯೋ ಅವರು ಚಾಕಲೇಟಿನ ಪಾನೀಯದಿಂದ ಉಪವಾಸ ಮುರಿಯುವುದಿಲ್ಲ ಎಂದು ವಾದಿಸಿ ಗ್ರಂಥ ಬರೆದರು. ಆ ಕಾಲದ ಧರ್ಮಪಂಡಿತರಿಗೆ ಅದೊಂದು ದೊಡ್ಡ ಚರ್ಚೆ. ಇಂದು ತಪಸ್ಸುಕಾಲ ಬಂದಾಗ ನಮ್ಮ ಮಕ್ಕಳು ಚಾಕಲೇಟು ಬಿಡುತ್ತಾರೆ. ಒಳ್ಳೆಯದೇ. ಆದರೆ ಉಳಿದ ಹಣ ಯಾರ ಕೈ ಸೇರಿತು ಎಂದೂ ಅವರನ್ನು ಕೇಳೋಣ. ಹಸಿದವನ ತಟ್ಟೆಗೆ ತಲುಪದ ಉಪವಾಸ ಅರ್ಧ ಉಪವಾಸ.

ಆದ್ದರಿಂದ ಪ್ರಿಯರೇ, ಮುಂದಿನ ಸಲ ಉಡುಗೊರೆ ಕೊಡುವ ಮೊದಲು ಪಡೆಯುವವರ ಮುಖವನ್ನು ಮನಸ್ಸಿನಲ್ಲಿ ತಂದುಕೊಳ್ಳಿ. ಸಕ್ಕರೆ ಕಾಯಿಲೆಯ ಅಜ್ಜಿಗೆ ಡಬ್ಬಿಗಿಂತ ಅರ್ಧ ಗಂಟೆಯ ಮಾತೇ ಸಿಹಿ. ಮನೆಗೆಲಸಕ್ಕೆ ಬರುವ ತಾಯಿಯ ಮಗುವಿಗೆ ಹಬ್ಬ ಕಳೆದು ಉಳಿದದ್ದನ್ನಲ್ಲ, ಹಬ್ಬದ ದಿನವೇ ತೆರೆಯದ ಪೊಟ್ಟಣವನ್ನು ಕೊಡಿ. ಮುನಿಸಿಕೊಂಡವರ ಮನೆಗೆ ಸಿಹಿ ಒಯ್ಯುವುದಾದರೆ, 'ತಪ್ಪಾಯಿತು' ಎಂಬ ಮಾತನ್ನು ಮೊದಲು ಬಾಯಲ್ಲಿ ಸಿದ್ಧಮಾಡಿಕೊಂಡು ಹೋಗಿ.

ತಮ್ಮ ಏಕೈಕ ಪುತ್ರರನ್ನೇ ನಮಗೆ ಕೊಡುಗೆಯಾಗಿ ಕೊಟ್ಟ ಪಿತದೇವರು ಕೊಡುವ ಮನಸ್ಸನ್ನೂ ನಮಗೆ ಕರುಣಿಸಲಿ. ಆಮೆನ್.